ಆಮೇಲಕ್ಕ ಬರೆದ ಒಂದು ಉದಾಹರಣೆ

ನಾನು ಶಾಲೆಯಲ್ಲಿ ಭಾಷೆ ಕಲಿಸುತ್ತಿದ್ದ ಕಾಲದಲ್ಲಿ, ಯಾರು ಏನು ಹೇಳಿದರೂ "ಆಮೇಲೆ?" ಎಂದು ಕೇಳುವ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಕಥೆ ಮುಗಿಯಿತೆಂದರೂ ಅವಳು ಬಿಡುತ್ತಿರಲಿಲ್ಲ. ರಾಜಕುಮಾರಿಗೆ ಮದುವೆಯಾಯಿತು, ಎಲ್ಲರೂ ಸುಖವಾಗಿದ್ದರು ಎಂದು ನಾನು ಪುಸ್ತಕ ಮುಚ್ಚಿದರೆ, ಗೋಡೆಯ ಪಕ್ಕದ ಸಾಲಿನಿಂದ ಅದೇ ಸಣ್ಣ ದನಿ ಏಳುತ್ತಿತ್ತು: "ಆಮೇಲೆ, ಮೇಷ್ಟ್ರೇ?" ಉಳಿದ ಮಕ್ಕಳು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

ಒಮ್ಮೆ ನಿಮ್ಮ ಕಣ್ಣೆದುರು ನಡೆದ ಯಾವುದಾದರೂ ಒಂದು ಕೆಲಸವನ್ನು ಬರೆದು ತನ್ನಿ ಎಂದು ಮಕ್ಕಳಿಗೆ ಹೇಳಿದ್ದೆ. ಹೆಚ್ಚಿನವರು ಅಡುಗೆಯನ್ನೋ ತೋಟವನ್ನೋ ಬರೆದರು. ಇವಳು ಸೈಕಲ್ ಅಂಗಡಿಯ ಮುಂದೆ ಕುಳಿತು, ಪಂಕ್ಚರ್ ಹಾಕುವವನನ್ನು ಪೀಡಿಸಿ, ಆ ಕೆಲಸವನ್ನು ಬರೆದು ತಂದಿದ್ದಳು. "ಗುಳ್ಳೆ ಬಂದ ಕಡೆ ಬೆರಳಿಡಬೇಕು, ಆ ಬೆರಳನ್ನು ತೆಗೆಯದೆ ಇನ್ನೊಂದು ಕೈಯಿಂದ ಟ್ಯೂಬನ್ನು ಒರೆಸಬೇಕು" ಎಂಬ ವಾಕ್ಯ ನನಗೆ ಇಂದಿಗೂ ನೆನಪಿದೆ. ಅದರಲ್ಲಿ ಅಲಂಕಾರವಿರಲಿಲ್ಲ, ಆದರೆ ಅದನ್ನು ಓದಿದವನಿಗೆ ಪಂಕ್ಚರ್ ಹಾಕಲು ಬರುತ್ತಿತ್ತು. ನಾನು ಆ ಪ್ರಬಂಧವನ್ನು ಇಡೀ ಶಾಲೆಗೆ ಓದಿ ಹೇಳಿದೆ. ಬರೆಯುವುದೇ ತನ್ನ ಕೆಲಸವೆಂದು ಅವಳು ಅಂದೇ ತೀರ್ಮಾನಿಸಿದಳಂತೆ. ಹೀಗೆಂದು ಅವಳು ಬಹಳ ವರ್ಷಗಳ ಮೇಲೆ ಹೇಳಿದಾಗ ನನಗೆ ಹೆಮ್ಮೆಯಾಗಿತ್ತು.

ದೊಡ್ಡವಳಾದ ಮೇಲೆ ಅವಳು ಸೇರಿದ್ದು ಒಂದು ತಂತ್ರಾಂಶದ ಕಂಪನಿಗೆ. ಆಸ್ಪತ್ರೆಗಳಲ್ಲಿ ರಕ್ತವನ್ನೂ ಔಷಧಿಗಳನ್ನೂ ಇಡುವ ಶೀತಲ ಕೋಣೆಗಳಿರುತ್ತವೆಯಲ್ಲ, ಅವುಗಳ ತಾಪಮಾನವನ್ನು ಹಗಲಿರುಳು ಕಾಯುವ ತಂತ್ರಾಂಶ ಆ ಕಂಪನಿಯದು. ಅಲ್ಲಿ ಇವಳ ಕೆಲಸ ತಂತ್ರಾಂಶ ಬರೆಯುವುದಲ್ಲ, ಅದನ್ನು ಕಟ್ಟುವ ಸಲಕರಣೆಗಳ ಕೈಪಿಡಿ ಬರೆಯುವುದು. ಇದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಮುದ್ರಣಾಲಯವನ್ನು ನೆನೆಸಿಕೊಳ್ಳಿ ಎಂದಳು. ಹತ್ತಾರು ಮಂದಿ ಬರೆದ ಹಾಳೆಗಳನ್ನು ಒಂದುಗೂಡಿಸಿ, ಕರಡು ತಿದ್ದಿ, ಅಚ್ಚು ಹಾಕಿ, ರಟ್ಟು ಕಟ್ಟಿ ಅಂಗಡಿಗೆ ಕಳಿಸುವ ಹಾಗೆ, ಹತ್ತಾರು ಮಂದಿ ಬರೆದ ತಂತ್ರಾಂಶದ ತುಣುಕುಗಳನ್ನು ಒಂದುಗೂಡಿಸಿ, ಪರೀಕ್ಷಿಸಿ, ಕಟ್ಟಿ, ಆಸ್ಪತ್ರೆಗಳಿಗೆ ಕಳಿಸಬೇಕು. ಈ ಇಡೀ ಸಾಲಿಗೆ ಅವರು ಪೈಪ್‌ಲೈನ್ ಎನ್ನುತ್ತಾರೆ. ಕಟ್ಟಿ ಮುಗಿದವುಗಳನ್ನು ಇಡುವ ಜಾಗಗಳಿಗೆ ಉಗ್ರಾಣಗಳೆನ್ನುತ್ತಾರೆ. ಉಗ್ರಾಣ ತುಂಬಿದಾಗ ಹಳೆಯದನ್ನು ಅಳಿಸಿಹಾಕುವ ಒಂದು ಸಲಕರಣೆಯಿತ್ತು. ಅದರ ನಿಜವಾದ ಹೆಸರು ಉದ್ದವಾದುದರಿಂದ ಕಚೇರಿಯವರೆಲ್ಲ ಅದನ್ನು ಪೊರಕೆ ಎಂದೇ ಕರೆಯುತ್ತಿದ್ದರು.

ಅವಳು ಬರೆಯುವ ಕ್ರಮವೇ ಬೇರೆಯಾಗಿತ್ತು. ಕೆಲಸ ಗೊತ್ತಿರುವವರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುವಳು. ಅವರು ಒಂದು ಗುಂಡಿ ಒತ್ತಿದರೆ "ಆಮೇಲೆ?" ಎನ್ನುವಳು. ಅವರು "ಆಮೇಲೇನಿಲ್ಲ, ಅಷ್ಟೇ" ಎಂದರೆ ಆ ಅಷ್ಟೇಯನ್ನು ನಂಬದೆ ಇನ್ನೊಮ್ಮೆ ಕೇಳುವಳು. ಕಚೇರಿಯಲ್ಲಿ ಅವಳಿಗೆ ಆಮೇಲಕ್ಕ ಎಂಬ ಹೆಸರು ಅಂಟಿದ್ದು ಹೀಗೆ. ಸಂಜೆ ಮನೆಗೆ ಬಂದ ಮೇಲೆ, ಕಂಪ್ಯೂಟರನ್ನು ಮುಟ್ಟಿಯೂ ನೋಡದ ತನ್ನ ತಾಯಿಗೆ ಬರೆದುದನ್ನು ಓದಿ ಹೇಳುವಳು. ಆ ತಾಯಿ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡು, "ಅಲ್ಲವೇ, ಬಾಗಿಲು ತೆಗಿ ಅಂತ ಬರೆದಿದ್ದೀಯ, ಬೀಗದಕೈ ಎಲ್ಲಿದೆ ಅಂತ ಹೇಳಲೇ ಇಲ್ಲವಲ್ಲ" ಎಂಬಂಥ ಮಾತು ಹೇಳುತ್ತಿದ್ದರು. ಅದು ಹೆಚ್ಚು ಸಲ ಸರಿಯಾಗಿಯೇ ಇರುತ್ತಿತ್ತು.

ಅವಳ ಪುಟಗಳಿಗೆ ಒಂದು ಒಳ್ಳೆಯ ಹೆಸರಿತ್ತು: ಅವುಗಳಲ್ಲಿ ಕೊಟ್ಟ ಉದಾಹರಣೆಗಳು ಹಾಗೆಯೇ ನಡೆಯುತ್ತವೆ ಎಂದು. ಬೇರೆಯವರು ಉದಾಹರಣೆ ಬರೆಯುವಾಗ "ಇಲ್ಲಿ ನಿಮ್ಮ ಉಗ್ರಾಣದ ಹೆಸರನ್ನು ಹಾಕಿ" ಎಂದು ಖಾಲಿ ಬಿಡುತ್ತಿದ್ದರು. ಇಂಜಿನಿಯರುಗಳಿಗೆ ಅದು ರೇಜಿಗೆಯ ವಿಷಯವಾಗಿತ್ತು. ಒಮ್ಮೆ ನಕಲು ಮಾಡಿ ಹಾಕಿದರೆ ಏನಾಗುತ್ತದೆಂದು ನೋಡುವುದು ಅವರ ಅಭ್ಯಾಸ. ನಡೆಯದ ಉದಾಹರಣೆಯಿರುವ ಪುಟವನ್ನು ಅವರು ನಂಬುವುದಿಲ್ಲ. ಆದುದರಿಂದ ಇವಳು ಕಚೇರಿಯಲ್ಲಿ ನಿಜವಾಗಿಯೂ ಇರುವ ಹೆಸರುಗಳನ್ನೇ ಹಾಕುತ್ತಿದ್ದಳು. ಪೊರಕೆಯ ಪುಟ ಬರೆಯುವಾಗ, ಆಗ ಯಾರೂ ಬಳಸದೆ ಬರಿದಾಗಿ ಬಿದ್ದಿದ್ದ ಒಂದು ಉಗ್ರಾಣದ ಹೆಸರನ್ನು ಹಾಕಿದಳು. ಬರಿದಾದುದನ್ನು ಗುಡಿಸಿದರೆ ಯಾರಿಗೂ ನಷ್ಟವಿಲ್ಲ. ಕಲಿಯುವವರಿಗೆ ಪೊರಕೆ ಹೇಗೆ ಆಡುತ್ತದೆಂದೂ ತಿಳಿಯುತ್ತದೆ. ಎಷ್ಟೋ ಜನ ಆ ಸಾಲನ್ನು ನಡೆಸಿ ನೋಡಿ, ಬಳಿಕ ತಮ್ಮ ಉಗ್ರಾಣದ ಹೆಸರು ಹಾಕಿಕೊಂಡು ಕೆಲಸ ಮಾಡಿಕೊಂಡರು.

ಕೆಲವು ವರ್ಷಗಳ ಮೇಲೆ ಜಾಗ ಸಾಲದೆ ಬಂದಾಗ, ಆ ಬರಿದಾದ ಉಗ್ರಾಣವನ್ನೇ ಗುಡಿಸಿ ಒರೆಸಿ ಬಳಕೆಗೆ ತಂದರು. ಹಳೆಯ ಯಂತ್ರಗಳನ್ನೇ ಇನ್ನೂ ನಡೆಸುತ್ತಿರುವ ಸಣ್ಣ ಆಸ್ಪತ್ರೆಗಳಿಗಾಗಿ ತಂತ್ರಾಂಶದ ಹಳೆಯ ಆವೃತ್ತಿಗಳನ್ನು ಅದರಲ್ಲಿ ತುಂಬಿದರು. ಆ ಹೆಸರು ಒಂದು ಕೈಪಿಡಿಯ ಪುಟದಲ್ಲಿ ಉದಾಹರಣೆಯಾಗಿ ಕುಳಿತಿದೆಯೆಂದು ಯಾರಿಗೂ ನೆನಪಾಗಲಿಲ್ಲ. ಅವಳಿಗೂ ಆಗಲಿಲ್ಲ.

ಆಮೇಲೆ ಕಚೇರಿಗೆ ಏಜೆಂಟುಗಳು ಬಂದವು. ಏಜೆಂಟು ಎಂದರೆ ಮನುಷ್ಯರಲ್ಲ. ಕೈಪಿಡಿಯನ್ನು ತಾನೇ ಓದಿ, ಮುಂದೇನು ಮಾಡಬೇಕೆಂದು ತಾನೇ ತೀರ್ಮಾನಿಸಿ, ಸಲಕರಣೆಗಳನ್ನು ತಾನೇ ನಡೆಸುವ ಎಐ ತಂತ್ರಾಂಶ. ಪೈಪ್‌ಲೈನಿನ ಕೆಲಸವನ್ನೆಲ್ಲ ಅವು ವಹಿಸಿಕೊಂಡವು. ಇವಳ ಪುಟಗಳನ್ನು ಓದುವ ಮನುಷ್ಯರು ಕಡಿಮೆಯಾಗಿ, ಓದುವ ಏಜೆಂಟುಗಳು ಹೆಚ್ಚಾದವು. "ಇವು ನನ್ನ ತರಹವೇ ಆಮೇಲೆ, ಆಮೇಲೆ ಅಂತ ಪುಟ ತಿರುವುತ್ತವೆ ಮೇಷ್ಟ್ರೇ, ಆದರೆ ಎದುರು ಪ್ರಶ್ನೆ ಕೇಳೋದಿಲ್ಲ" ಎಂದು ಒಮ್ಮೆ ಹೇಳಿದ್ದಳು. ಅವಳ ಮಾತಿನಲ್ಲಿ ಸ್ವಲ್ಪ ಬೇಸರವೂ ಇತ್ತು.

ಅಳಿಸುವುದು, ಕಳಿಸುವುದು ಮುಂತಾದ ಅಪಾಯದ ಕೆಲಸಗಳಿಗೆ ಮಾತ್ರ ಏಜೆಂಟು ಒಬ್ಬ ಮನುಷ್ಯನ ಒಪ್ಪಿಗೆ ಕೇಳಬೇಕೆಂಬ ನಿಯಮವಿತ್ತು. ಆ ಒಪ್ಪಿಗೆ ಕೊಡಲು ಕೂರಿಸಿದ್ದು ಕಚೇರಿಯ ಅತ್ಯಂತ ಹಿರಿಯ ನೌಕರರನ್ನು. ಹಿಂದೆ ಪೈಪ್‌ಲೈನಿನ ಅರ್ಧ ಭಾಗವನ್ನು ಕೈಯಾರೆ ಕಟ್ಟಿದ್ದವರು ಅವರು. ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬೆನ್ನಿಗೊಂದು ಹಳೆಯ ದಿಂಬು ಒತ್ತಿಕೊಂಡು, ದಿನವಿಡೀ ಪರದೆಯ ಮೇಲೆ ಬರುವ ಬೇಡಿಕೆಗಳಿಗೆ ಒಪ್ಪಿಗೆಯ ಗುಂಡಿ ಒತ್ತುತ್ತಿದ್ದರು. ಪ್ರತಿ ಬಾರಿ ಒತ್ತುವಾಗಲೂ ಮೂಗಿನಲ್ಲಿ "ಹೂಂ" ಎನ್ನುವುದು ಅವರ ರೂಢಿ. ಹಾಗಾಗಿ ಅವರು ಹೂಂ ಮಾವ. "ಮದುವೆ ಮಂಟಪದಲ್ಲಿ ಒಂದೇ ಒಂದು ಸಲ ಹೂಂ ಅಂದೆ, ಅದರ ಫಲ ಇನ್ನೂ ಅನುಭವಿಸ್ತಿದ್ದೀನಿ. ಇಲ್ಲಿ ಬೆಳಗ್ಗಿಂದ ಸಂಜೆವರೆಗೂ ಹೂಂ, ಹೂಂ. ದೇವರೇ ಗತಿ" ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಆದರೆ ಆ ಹೆಂಡತಿಯ ಮೇಲೆ ಅವರಿಗೆ ಪ್ರಾಣವಿತ್ತು. ಆಕೆಗೆ ಪಾರ್ಶ್ವವಾಯು ಬಡಿದು ಬಲಗೈಯೂ ಬಲಗಾಲೂ ಸೋತಿದ್ದವು, ಮಾತು ತೊದಲುತ್ತಿತ್ತು. ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳೊಬ್ಬಳು ದಿನವೂ ಮನೆಗೆ ಬಂದು ಕೈಕಾಲು ಆಡಿಸಿ ಹೋಗುತ್ತಿದ್ದಳು. ಅದರ ಖರ್ಚು ಕಂಪನಿಯ ಆರೋಗ್ಯ ವಿಮೆಯದು. ನೌಕರಿ ಇರುವವರೆಗೆ ವಿಮೆ. ಊಟದ ಹೊತ್ತಿನಲ್ಲಿ ಆಮೇಲಕ್ಕನೂ ಹೂಂ ಮಾವನೂ ಎದುರುಬದುರು ಕುಳಿತು ಡಬ್ಬಿ ಬಿಚ್ಚುತ್ತಿದ್ದರು. ಆಕೆ ಇಂದು ಲೋಟ ಹಿಡಿದಳು, ಇಂದು ಹೆಬ್ಬೆರಳು ಅಲ್ಲಾಡಿತು ಎಂಬ ಸುದ್ದಿಯನ್ನು ಮಾವ ಮೊದಲು ಹೇಳುತ್ತಿದ್ದುದು ಇವಳಿಗೆ. ನಿವೃತ್ತಿಯವರೆಗೆ ಹೇಗಾದರೂ ಈ ಕುರ್ಚಿಯಲ್ಲಿ ಕೂತಿದ್ದರೆ ಆಕೆ ಗೋಡೆ ಹಿಡಿದಾದರೂ ನಡೆದಾಳು ಎಂಬುದು ಅವರ ಲೆಕ್ಕ. ಬೇರೆ ಆಸೆ ಅವರಿಗಿರಲಿಲ್ಲ.

ಒಂದು ದಿನ ಬೆಳಗಿನ ಹೊತ್ತು ಪೈಪ್‌ಲೈನು ಜಾಗವಿಲ್ಲವೆಂದು ನಿಂತುಹೋಯಿತು. ಏಜೆಂಟು ಜಾಗ ಮಾಡುವುದು ಹೇಗೆಂದು ಹುಡುಕಿತು, ಪೊರಕೆಯ ಪುಟವನ್ನು ಕಂಡಿತು, ಉದಾಹರಣೆಯನ್ನು ಓದಿತು. ಮನುಷ್ಯನಾಗಿದ್ದರೆ ಅಲ್ಲಿನ ಹೆಸರನ್ನು ಬದಲಾಯಿಸುತ್ತಿದ್ದ. ಅದು ಬದಲಾಯಿಸಲಿಲ್ಲ, ಕೈಪಿಡಿ ಹೇಳಿದ ಮೇಲೆ ಹಾಗೆಯೇ ಮಾಡಬೇಕೆಂದುಕೊಂಡಿತು. "ಕೈಪಿಡಿಯ ಪ್ರಕಾರ ಗುಡಿಸಲು ಒಪ್ಪಿಗೆಯೇ?" ಎಂದು ಸಾಲನ್ನು ಮುಂದಿಟ್ಟು ಕೇಳಿತು. ಕಿಟಕಿಯ ಪಕ್ಕದಿಂದ ಹೂಂ ಎಂಬ ಸದ್ದು ಬಂದಿತು. ಹಳೆಯ ಆವೃತ್ತಿಗಳೆಲ್ಲ ಅಳಿಸಿಹೋದವು. ಏಜೆಂಟುಗಳು ಕೇಳಿದ ಬೇಡಿಕೆಗಳ ದಾಖಲೆಯೂ ಅದೇ ಉಗ್ರಾಣದ ಒಂದು ಮೂಲೆಯಲ್ಲಿತ್ತು, ಅದೂ ಹೋಯಿತು.

ಅಂದು ಯಾರಿಗೂ ತಿಳಿಯಲಿಲ್ಲ. ಒಂದು ಸಣ್ಣ ಆಸ್ಪತ್ರೆಯ ಹಳೆಯ ಯಂತ್ರ ಕೆಟ್ಟು, ಅದಕ್ಕೆ ತಂತ್ರಾಂಶವನ್ನು ಮತ್ತೆ ಹಾಕಬೇಕಾಗಿ ಬಂದಾಗ ಉಗ್ರಾಣ ತೆರೆದರೆ ಅಲ್ಲಿ ಏನೂ ಇರಲಿಲ್ಲ. ಕಾಯುವ ಯಂತ್ರವಿಲ್ಲದ ಶೀತಲ ಕೋಣೆಯಲ್ಲಿದ್ದ ರಕ್ತವನ್ನೂ ಔಷಧಿಯನ್ನೂ ಆ ಆಸ್ಪತ್ರೆಯವರು ಚರಂಡಿಗೆ ಸುರಿದರು. ಕಂಪನಿಯಲ್ಲಿ ಗುಲ್ಲೆದ್ದಿತು. ವಿಚಾರಣೆ ನಡೆಸಲು ಕಾನೂನು ವಿಭಾಗದ ಹಿರಿಯ ಅಧಿಕಾರಿಣಿಯೊಬ್ಬರನ್ನು ನೇಮಿಸಿದರು. ಒಪ್ಪಿಗೆ ಕೊಟ್ಟವರು ಯಾರೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹೂಂ ಮಾವನ ತಲೆ ಉರುಳುತ್ತದೆ ಎಂದು ನೀರಿನ ಯಂತ್ರದ ಬಳಿ ನಿಂತವರೆಲ್ಲ ಪಿಸುಗುಟ್ಟಿದರು.

ಆಮೇಲಕ್ಕ ಅದೇ ಮಧ್ಯಾಹ್ನ ಪೊರಕೆಯ ಪುಟವನ್ನು ತೆರೆದು ನೋಡಿದಳು. ತಾನೇ ಬರೆದ ಸಾಲು. ಅದರೊಳಗೆ ಆ ಉಗ್ರಾಣದ ಹೆಸರು. ಅಪರಾಧ ತನ್ನದು, ಶಿಕ್ಷೆ ಮಾವನಿಗೆ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಮರುದಿನ ಊಟದ ಹೊತ್ತಿನಲ್ಲಿ ಅವರೆದುರು ಕುಳಿತಾಗ ಮಾವ ಡಬ್ಬಿಯನ್ನೇ ಬಿಚ್ಚಿರಲಿಲ್ಲ.

"ಮಾವ, ಆ ಪುಟ ಬರೆದವಳು ನಾನು" ಎಂದಳು.

"ಗೊತ್ತು. ನೀನು ಸುಮ್ಮನಿರು. ಏನೂ ಆಗೋದಿಲ್ಲ."

"ಅಲ್ಲ ಮಾವ, ಅವರು ನಿಮ್ಮನ್ನ..."

"ಸುಮ್ಮನಿರಮ್ಮ ಅಂದೆನಲ್ಲ. ಊಟ ಮಾಡು."

ಜೀವಮಾನವೆಲ್ಲ ಆಮೇಲೆ, ಆಮೇಲೆ ಎಂದು ಕಂಡವರನ್ನೆಲ್ಲ ಕೆದಕಿದವಳು ಅಂದು ಆ ಒಂದು ಮಾತನ್ನು ಕೇಳಲಿಲ್ಲ. ಮಾವ ತನ್ನನ್ನು ಕಾಪಾಡಲು ಹೀಗೆ ಹೇಳುತ್ತಿದ್ದಾರೆ, ತನಗೆ ನೋವಾಗಬಾರದೆಂದು ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡಳು. ಅಂಥ ಮನುಷ್ಯನನ್ನು ಬಲಿ ಕೊಡಬಾರದೆಂದು ಅವಳ ಮನಸ್ಸು ಇನ್ನಷ್ಟು ಗಟ್ಟಿಯಾಯಿತು. ವಿಚಾರಣೆಯವರು ಅವಳನ್ನು ಕರೆದಿರಲಿಲ್ಲ. ತಾನಾಗಿಯೇ ಅವಕಾಶ ಕೇಳಿಕೊಂಡು ಹೋದಳು.

ಅದು ಕಿಟಕಿಯಿಲ್ಲದ ಚಿಕ್ಕ ಕೋಣೆ. ಮೇಜಿನ ಆಚೆ ಅಧಿಕಾರಿಣಿ ಒಬ್ಬರೇ ಕುಳಿತಿದ್ದರು; ನಯವಾದ ಮಾತಿನವರು, ನೀರು ಕುಡಿಯಿರಿ ಎಂದು ಲೋಟವನ್ನು ತಾವೇ ಮುಂದೆ ಸರಿಸಿದರು. ಇವಳು ನಡೆದುದನ್ನೆಲ್ಲ ಮೊದಲಿನಿಂದ ಹೇಳಿದಳು. ಬರಿದಾದ ಉಗ್ರಾಣ, ನಿಜವಾದ ಹೆಸರು ಹಾಕುವ ತನ್ನ ಪದ್ಧತಿ, ಏಜೆಂಟು ಅದನ್ನು ಅಪ್ಪಣೆಯೆಂದು ತಿಳಿದದ್ದು. ಎಂದಿನಂತೆ ಒಂದರ ಹಿಂದೊಂದು, ಎಲ್ಲಿಯೂ ಎಡವದ ಹಾಗೆ ಹೇಳಿದಳು.

ಅಧಿಕಾರಿಣಿ ಬಹಳ ಆಸಕ್ತಿಯಿಂದ ಕೇಳಿದರು. ಬಳಿಕ, "ಒಂದು ವಿಷಯ ಸ್ಪಷ್ಟ ಮಾಡಿ. ಒಪ್ಪಿಗೆ ಕೇಳುವಾಗ ಏಜೆಂಟು ತನ್ನ ಮಾತಲ್ಲಿ ಕೇಳುತ್ತಾ, ಇಲ್ಲ ನೀವು ಬರೆದ ಸಾಲನ್ನೇ ತೋರಿಸುತ್ತಾ?" ಎಂದರು.

"ಸಾಲನ್ನೇ ತೋರಿಸುತ್ತೆ, ಮೇಡಂ. ಒಂದಕ್ಷರ ಬದಲಾಯಿಸೋದಿಲ್ಲ."

"ಅಂದರೆ ಉಗ್ರಾಣದ ಹೆಸರು ಪರದೆ ಮೇಲೆ ಇತ್ತು."

"ಇತ್ತು. ಅದೇ ನನ್ನ ತಪ್ಪು."

"ಕಣ್ಣಿಗೆ ಬೀಳುವ ಹಾಗಿತ್ತಾ?"

"ದಪ್ಪ ಅಕ್ಷರದಲ್ಲಿರುತ್ತೆ. ಹೆಸರು ಎದ್ದು ಕಾಣಬೇಕು ಅಂತ ನಾನೇ ಹಾಗೆ ಮಾಡಿಸಿದ್ದು."

ಅಧಿಕಾರಿಣಿ ಮುಂದಿದ್ದ ಹಾಳೆಯನ್ನು ತಿರುಗಿಸಿ ಅವಳಿಗೆ ತೋರಿಸಿದರು. ಅದು ಹೂಂ ಮಾವ ಕೊಟ್ಟ ಹೇಳಿಕೆ. ತಾತ್ಕಾಲಿಕ ಕಡತಗಳನ್ನು ಗುಡಿಸಲು ಒಪ್ಪಿಗೆಯೇ ಎಂದಷ್ಟೇ ತನ್ನ ಮುಂದೆ ಬಂದಿತ್ತು, ಯಾವ ಉಗ್ರಾಣದ ಹೆಸರೂ ಅದರಲ್ಲಿರಲಿಲ್ಲ, ಏಜೆಂಟು ತನಗೆ ಹೇಳಿದ್ದೊಂದು ಮಾಡಿದ್ದೊಂದು ಎಂದು ಅವರು ಬರೆದುಕೊಟ್ಟಿದ್ದರು. ದಾಖಲೆ ಅಳಿಸಿಹೋಗಿದ್ದುದರಿಂದ ಅದು ಸುಳ್ಳೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ದೋಷ ಏಜೆಂಟನ್ನು ಮಾರಿದವರದು ಎಂದು ತೀರ್ಮಾನಿಸಿ, ಪ್ರಕರಣ ಮುಗಿಸಲು ಎಲ್ಲವೂ ಸಿದ್ಧವಾಗಿತ್ತು. ಇನ್ನೊಂದು ವಾರ ಇವಳು ಬಾಯಿ ಮುಚ್ಚಿಕೊಂಡಿದ್ದರೆ ಮಾವ ತಮ್ಮ ಕುರ್ಚಿಯಲ್ಲಿಯೇ ಇರುತ್ತಿದ್ದರು.

ಅವಳು ಮಾತನ್ನು ತಿರುಗಿಸಲು ನೋಡಿದಳು. ದಿನಕ್ಕೆ ಅಷ್ಟೊಂದು ಬೇಡಿಕೆ ಬಂದರೆ ಯಾರು ತಾನೇ ಪ್ರತಿಯೊಂದನ್ನೂ ಓದುತ್ತಾರೆ, ತನ್ನ ಪುಟವೆಂದರೆ ಮಾವನಿಗೆ ಪೂರ್ತಿ ನಂಬಿಕೆ, ಅದಕ್ಕೇ ಓದದೆ ಒತ್ತಿರಬೇಕು ಎಂದಳು. ಹೇಳುತ್ತಿರುವಂತೆಯೇ ಅದು ಇನ್ನೂ ಆಳಕ್ಕೆ ತಳ್ಳುವ ಮಾತೆಂದು ತಿಳಿಯಿತು. ಬಹುಶಃ ಏಜೆಂಟು ಈ ಸಲ ಬೇರೆ ರೀತಿ ಕೇಳಿರಬಹುದು ಎಂದಳು. ಅಧಿಕಾರಿಣಿ ಕನಿಕರದಿಂದಲೇ ತಲೆಯಲ್ಲಾಡಿಸಿ, "ಒಂದಕ್ಷರ ಬದಲಾಯಿಸೋದಿಲ್ಲ ಅಂತ ಈಗ ತಾನೇ ಹೇಳಿದಿರಿ. ನೀವು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು" ಎಂದರು.

ಓದದೆ ಒಪ್ಪಿಗೆ ಕೊಟ್ಟಿದ್ದಕ್ಕೆ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರೋ ಏನೋ. ವಿಚಾರಣೆಯಲ್ಲಿ ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ಕ್ಷಮೆಯಿರಲಿಲ್ಲ. ಆ ವಾರದ ಕೊನೆಯಲ್ಲಿ ಮಾವ ಬೆನ್ನಿನ ದಿಂಬನ್ನೂ ಚಹಾದ ಫ್ಲಾಸ್ಕನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೊರಟರು. ಇವಳ ಮೇಜಿನ ಪಕ್ಕದಲ್ಲಿಯೇ ಹಾದುಹೋಗಬೇಕಾಗಿತ್ತು, ಹಾದುಹೋದರು. ಇವಳು ಎದ್ದು ನಿಂತಳು. ಅವರು ತಲೆಯೆತ್ತಿ ನೋಡಲಿಲ್ಲ. ಇವಳಿಗೆ ಶಿಕ್ಷೆಯೇನೂ ಆಗಲಿಲ್ಲ. ತಾನಾಗಿಯೇ ಬಂದು ತಪ್ಪೊಪ್ಪಿಕೊಂಡ ಪ್ರಾಮಾಣಿಕತೆಯನ್ನು ಮೇಲಧಿಕಾರಿಗಳು ಒಂದು ಸಭೆಯಲ್ಲಿ ಹೊಗಳಿದರು. ಏಜೆಂಟುಗಳಿಗೆ ಅರ್ಥವಾಗುವ ಹಾಗೆ ಎಲ್ಲ ಪುಟಗಳನ್ನೂ ಹೊಸದಾಗಿ ಬರೆಯುವ ಕೆಲಸವನ್ನು ಅವಳಿಗೇ ವಹಿಸಿದರು. ಚಪ್ಪಾಳೆ ತಟ್ಟಿದಾಗ ಎಲ್ಲಿ ಮುಖ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ, ಮೇಷ್ಟ್ರೇ ಎಂದಳು. ಊಟದ ಹೊತ್ತಿನಲ್ಲಿ ಅವಳು ಈಗ ಮೆಟ್ಟಿಲ ಮೇಲೆ ಕೂರುತ್ತಾಳಂತೆ.

ಅವಳ ತಾಯಿ ಮಾತ್ರ ಬಟ್ಟೆ ಮಡಿಸುವುದನ್ನು ನಿಲ್ಲಿಸಿ, "ಹೋಗಿ ಬಾ. ಅವರು ಬೈದರೆ ಬೈಸಿಕೊಂಡು ಬಾ" ಎಂದರಂತೆ. ಒಂದು ಭಾನುವಾರ ಬೆಳಿಗ್ಗೆ ಅವಳು ಹೋದಳು.

ಮಾವನ ಮನೆ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಮೆಟ್ಟಿಲ ಸಂದಿಯಲ್ಲಿ ಯಾರದೋ ಮುರಿದ ತೊಟ್ಟಿಲು, ಒಣಗಿದ ಹೂಕುಂಡಗಳು. ಬಾಗಿಲು ತೆರೆದವರು ಮಾವನೇ. ಬಾಗಿಲನ್ನು ತೆರೆದೇ ಬಿಟ್ಟು ಒಳಗೆ ಹೋದರು. ಒಳಗೆ ಕಿಟಕಿಗೆ ಒತ್ತಿಕೊಂಡು ಮಂಚ, ಮಂಚದ ಮೇಲೆ ಆಕೆ. ಬಲಗೈಯನ್ನು ದಿಂಬಿನ ಮೇಲೆ ಯಾರೋ ಬಿಟ್ಟುಹೋದ ಸಾಮಾನಿನಂತೆ ಇಟ್ಟಿದ್ದರು.

ಇವಳು ಬಾಗಿಲ ಬಳಿಯೇ ನಿಂತು, ತನ್ನಿಂದ ಹೀಗಾಗುತ್ತದೆಂದು ಗೊತ್ತಿರಲಿಲ್ಲ ಎಂದಳು.

"ಸುಮ್ಮನಿರು ಅಂತ ಎರಡು ಸಲ ಹೇಳಿದೆ" ಎಂದರು ಮಾವ.

"ಸಮಾಧಾನಕ್ಕೆ ಹೇಳಿದಿರಿ ಅಂದುಕೊಂಡೆ, ಮಾವ."

"ಊರಿನವರನ್ನೆಲ್ಲ ಕೂರಿಸಿಕೊಂಡು ತೋಡಿ ತೋಡಿ ಕೇಳ್ತೀಯ. ನನ್ನನ್ನ ಯಾಕೆ ಸುಮ್ಮನಿರಲಿ ಅಂತ ಒಂದು ಮಾತು ಕೇಳಲಿಲ್ಲವಲ್ಲಮ್ಮ." ಅವರ ದನಿ ಏರಲಿಲ್ಲ. "ಹೌದು, ಸುಳ್ಳು ಹೇಳಿದೆ. ಓದದೆ ಒತ್ತಿದೆ, ಅದನ್ನ ಮುಚ್ಚಿಟ್ಟೆ. ಇವಳ ಈ ಕೈಗೋಸ್ಕರ ಮುಚ್ಚಿಟ್ಟೆ. ನಿನ್ನ ಮನಸ್ಸು ಹಗುರ ಮಾಡಿಕೊಳ್ಳೋಕೆ ನೀನು ಹೋಗಿ ಎಲ್ಲ ಬಿಚ್ಚಿಟ್ಟೆ."

ಮಂಚದ ಮೇಲಿದ್ದಾಕೆ ಏನೋ ತೊದಲಿದರು. ಮಾವ ಬಗ್ಗಿ ಕೇಳಿಸಿಕೊಂಡು, "ಕೂರು ಅಂತಿದಾಳೆ. ಅವಳ ಮನೆ, ಅವಳು ಹೇಳಿದಳು, ಕೂರು" ಎಂದರು.

ಅಂದು ಫಿಸಿಯೋಥೆರಪಿಯ ಹೆಣ್ಣುಮಗಳು ಕೊನೆಯ ಸಲ ಬರುವ ದಿನವೆಂದು ಇವಳಿಗೆ ಅಲ್ಲಿಯೇ ತಿಳಿದದ್ದು. ವಿಮೆ ಆ ದಿನಕ್ಕೆ ಮುಗಿಯುತ್ತಿತ್ತು. ಅವಳು ಬಂದಳು, ಚಪ್ಪಲಿ ಬಿಟ್ಟು ಕೈ ತೊಳೆದು ಕೆಲಸಕ್ಕೆ ತೊಡಗಿದಳು. ಮಾವ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ನಾಳೆಯಿಂದ ತಾವೇ ಮಾಡಬೇಕೆಂದು ನೆನಪಿಟ್ಟುಕೊಳ್ಳಲು ಹೆಣಗುತ್ತಿದ್ದುದು ಅವರ ಮುಖದಲ್ಲಿ ಕಾಣುತ್ತಿತ್ತು. ಆಮೇಲಕ್ಕ ಕುರ್ಚಿಯನ್ನು ಮಂಚದ ಬಳಿಗೆ ಎಳೆದುಕೊಂಡಳು. ಬರೆದುಕೊಳ್ಳಲೇ ಎಂದು ಮಾವನನ್ನು ಕೇಳಿದಳು. ಅವರು ಬೇಡವೆನ್ನಲಿಲ್ಲ.

ಅವಳು ಕೇಳಿ ಕೇಳಿ ಬರೆದಳು. ಮಣಿಕಟ್ಟನ್ನು ಹಿಡಿಯುವುದು ಮೇಲಿನಿಂದಲೋ ಕೆಳಗಿನಿಂದಲೋ, ಮೊದಲು ಬೆರಳೋ ಮೊಣಕೈಯೋ, ಆಮೇಲೆ ಯಾವುದು. ಆ ಹೆಣ್ಣುಮಗಳು ಮೊದಲು ನಕ್ಕಳು, ಬರಬರುತ್ತಾ ತಾಳ್ಮೆಯಿಂದ ಹೇಳಿದಳು. ಹೊತ್ತಾಯಿತೆಂದು ಎದ್ದವಳು ಮತ್ತೆ ಕುಳಿತು ಹೇಳಿದಳು. ಹೋಗುವಾಗ ಆಕೆಯ ಹಣೆ ಸವರಿ, ಬರುತ್ತೇನೆ ಎನ್ನದೆ ಹೊರಟಳು.

ಮಾವ ಕಾಗದವನ್ನು ತೆಗೆದುಕೊಂಡರು. ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡು, ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ಒಂದು ಸಾಲು ಓದುವರು, ನಿಲ್ಲಿಸುವರು, ಹೆಂಡತಿಯ ಕೈಯನ್ನು ನೋಡುವರು.

"ಕೈ ಎತ್ತಬೇಕು ಅಂತ ಬರೆದಿದ್ದೀಯ. ಯಾವ ಕೈ?"

"ಬಲಗೈ, ಮಾವ."

"ಹಾಗೆ ಬರಿ."

ಅವಳು ಬರೆದಳು.

"ನಿಧಾನವಾಗಿ ಅಂದರೆ ಎಷ್ಟು ನಿಧಾನ?"

"ಅವರು ಒಂದು ಸಲ ಉಸಿರು ಬಿಡುವಷ್ಟು ಹೊತ್ತು ಅಂದಳು."

"ಹಾಗಾದರೆ ಅದನ್ನೇ ಬರಿ. ನೋವಾದರೆ ನಿಲ್ಲಿಸಬೇಕು ಅಂತಿದೆ. ಇವಳು ನೋವಾಯ್ತು ಅಂತ ಬಾಯಿ ಬಿಡೋಳಲ್ಲ. ನನಗೆ ಹೇಗೆ ತಿಳಿಯಬೇಕು?"

ಇದು ಅವಳಿಗೆ ಗೊತ್ತಿರಲಿಲ್ಲ. ಇಳಿದು ಹೋಗಿ, ಬಸ್ಸಿಗಾಗಿ ಕಾಯುತ್ತಿದ್ದ ಆ ಹೆಣ್ಣುಮಗಳನ್ನು ಬೀದಿಯ ತಿರುವಿನಲ್ಲಿ ಹಿಡಿದು ಕೇಳಿಕೊಂಡು, ಮತ್ತೆ ಮೆಟ್ಟಿಲು ಹತ್ತಿ ಬಂದಳು. ಎಡಗೈ ಹಾಸಿಗೆಯ ಬಟ್ಟೆಯನ್ನು ಹಿಡಿದುಕೊಂಡರೆ ನೋವಾಗುತ್ತಿದೆಯೆಂದು ತಿಳಿಯಬೇಕು ಎಂದು ಬರೆದಳು. ಮಾವ ಆ ಸಾಲನ್ನು ಇನ್ನೊಮ್ಮೆ ಓದಿದರು. ಹೀಗೆ ಕೊನೆಯ ಸಾಲಿನವರೆಗೂ ಹೋದರು. ಅಷ್ಟರಲ್ಲಿ ಆಕೆಗೆ ನಿದ್ದೆ ಹತ್ತಿತ್ತು, ಬಿಸಿಲು ಮಂಚದಿಂದ ಗೋಡೆಗೆ ಸರಿದಿತ್ತು. ಕಚೇರಿಯಲ್ಲಿ ಇಷ್ಟು ವರ್ಷಗಳಲ್ಲಿ ತನ್ನ ಒಂದು ಪುಟವನ್ನೂ ಹೀಗೆ ಓದಿದವರನ್ನು ಅವಳು ಕಂಡಿರಲಿಲ್ಲ.

ಹೊರಡುವಾಗ ಮಾವ ಬಾಗಿಲವರೆಗೆ ಬಂದರು. ಮುಂದಿನ ಭಾನುವಾರ ಬಂದು ಸರಿಯಾಗಿ ನಡೆಯುತ್ತಿದೆಯೇ ನೋಡುತ್ತೇನೆ ಎಂದಳು.

"ಸರಿಯಾಗಿ ಬರೆದಿದ್ದೀಯ" ಎಂದರು ಮಾವ. "ಇದನ್ನ ನೋಡಿಕೊಂಡು ನಾನು ಮಾಡಿಕೊಳ್ತೀನಿ. ಇನ್ನು ನೀನು ಬರೋದು ಬೇಡಮ್ಮ."

ಅವಳು ಮೆಟ್ಟಿಲಿಳಿಯಲಾರಂಭಿಸಿದ ಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಅವಳು ಆ ಮಾತನ್ನು ನಡೆಸಿಕೊಟ್ಟಳು. ಮತ್ತೆ ಹೋಗಲಿಲ್ಲ. ಆಕೆಯ ಕೈ ಎಷ್ಟರಮಟ್ಟಿಗೆ ಸುಧಾರಿಸಿತು, ಸುಧಾರಿಸಿತೋ ಇಲ್ಲವೋ ಎಂಬುದು ಅವಳಿಗೂ ತಿಳಿಯದು, ಕೇಳುವ ಹಕ್ಕು ತನಗಿಲ್ಲವೆನ್ನುತ್ತಾಳೆ.